ಸೆರಗು ತಿರುಗಿಸಿ ನೋಡಿದರೆ

ಧಾರವಾಡ ಸೀಮೆಯಲ್ಲಿ ಕಸೂತಿ ಬಲ್ಲ ಹಿರಿಯಳೊಬ್ಬಳ ಕೈಗೆ ಹೊಸ ಸೀರೆ ಕೊಟ್ಟು ನೋಡಬೇಕು. ಬಣ್ಣ ಹೇಗಿದೆ, ಆನೆ ಆನೆಯ ಹಾಗಿದೆಯೇ ಎಂಬುದು ಆಕೆಗೆ ಆಮೇಲಿನ ಮಾತು. ಮೊದಲು ಸೆರಗನ್ನು ಹಿಡಿದು ಸರಕ್ಕನೆ ಮಗುಚುತ್ತಾಳೆ. ಹಿಂಬದಿಯಲ್ಲಿ ಗಂಟು ಕಂಡಿತೋ, ಒಂದು ಹೂವಿನಿಂದ ಇನ್ನೊಂದಕ್ಕೆ ದಾರ ಅಡ್ಡ ಹಾರಿತ್ತೋ, ‘ಇದ್ಯಾಕವ್ವಾ ಹಿಂಗಾತು?’ ಎಂದು ಮಡಚಿ ಬದಿಗಿಡುತ್ತಾಳೆ. ಹಿಂದೂ ಮುಂದೂ ಒಂದೇ ಆಗಿದ್ದರೆ ಮಾತ್ರ ಕನ್ನಡಕ ಸರಿಮಾಡಿಕೊಂಡು ನಮೂನಿ ನೋಡಲು ಕೂಡುತ್ತಾಳೆ.

ಕೈಯಲ್ಲಿ ಹೆಣೆದ ಲೇಸು, ಕಸೂತಿ, ಕೌದಿ ಇವುಗಳ ನಮೂನಿಯಲ್ಲಿ ಸ್ವಂತದ್ದು ಯಾವುದು, ಎರವಲು ಯಾವುದು ಎಂಬ ಜಗಳ ಹಳೆಯದು. ಜಗಳ ಆಡುವವರು ಎರಡು ಬಟ್ಟೆಗಳನ್ನು ಪಕ್ಕಪಕ್ಕ ಹಾಸಿ, ಮುಂಬದಿಯ ಚಿತ್ರಕ್ಕೆ ಚಿತ್ರ ತಾಳೆ ಹಾಕಿ, ‘ನೋಡ್ರಿ, ಕದ್ದಾರ’ ಎನ್ನುತ್ತಾರೆ. ಆ ಹಿರಿಯಳು ನೋಡುವ ಜಾಗವೇ ಬೇರೆ. ಈ ಉಪನ್ಯಾಸ ಆಕೆಯ ಪಕ್ಷ ವಹಿಸುತ್ತದೆ.

ಲೇಸು ಎಂಬ ಮಾತನ್ನೇ ಮೊದಲು ತೆಗೆದುಕೊಳ್ಳಬಹುದು. ಹಾನಗಲ್ಲಿನ ಪೇಟೆಯಲ್ಲಿ ಲಂಗದ ಅಂಚಿಗೆಂದು ಮೀಟರಿನ ಲೆಕ್ಕದಲ್ಲಿ ಕೇಳುವ ಲೇಸು ಇಂಗ್ಲಿಷಿನಿಂದ ಬಂದದ್ದು. ಅದರ ಬೇರು ಹುಡುಕಿ ಹೋದರೆ ಕುಣಿಕೆ ಎಂಬ ಅರ್ಥದ ಲ್ಯಾಟಿನ್ ಪದ ಸಿಗುತ್ತದೆ. ಒಳಿತು ಎಂಬ ಅರ್ಥದ ಲೇಸು ನಮ್ಮದೇ, ಹಳಗನ್ನಡದ್ದು. ಉಚ್ಚಾರ ಒಂದೇ, ಬರಹ ಒಂದೇ, ನಂಟು ಮಾತ್ರ ಇಲ್ಲ. ಮುಂಬದಿ ನೋಡಿ ಸಂಬಂಧ ಹೇಳುವವರು ಈ ಎರಡು ಪದಗಳನ್ನೂ ಅಕ್ಕತಂಗಿ ಎಂದುಬಿಟ್ಟಾರು.

ಎರಡನೆಯ ಲೇಸನ್ನು ಧಾರಾಳವಾಗಿ ಬಳಸಿದ ಕವಿ ಸರ್ವಜ್ಞ. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳ ಜೊತೆ ಆತನ ಹೆಸರು ಬೆಸೆದುಕೊಂಡಿದೆ. ತನ್ನ ಅರಿವೆಲ್ಲ ಕಂಡಕಂಡವರಿಂದ ಕೂಡಿಸಿಕೊಂಡದ್ದು ಎಂದು ನಾಚಿಕೆಯಿಲ್ಲದೆ ಒಪ್ಪಿಕೊಂಡವನು ಆತ. ಆತನ ಹೆಸರಿನ ತ್ರಿಪದಿಗಳನ್ನು ಹುಡುಕಿ ಕೂಡಿಸಿ ರೆವರೆಂಡ್ ಉತ್ತಂಗಿ ಚನ್ನಪ್ಪನವರು 1924ರಲ್ಲಿ ಅಚ್ಚು ಹಾಕಿಸಿದರು. ಇವುಗಳಲ್ಲಿ ಆತ ಹೇಳಿದ್ದೆಷ್ಟು, ಆತನ ಅಂಕಿತ ಹಾಕಿ ಬೇರೆಯವರು ಹೇಳಿದ್ದೆಷ್ಟು ಎಂಬುದು ವಿದ್ವಾಂಸರ ತಲೆನೋವಾಗಿ ಉಳಿದುಬಂದಿದೆ. ಕಳ್ಳತನದ ಮಾಮೂಲು ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಬೇರೆಯವರ ಸೊತ್ತಿಗೆ ತನ್ನ ಹೆಸರು ಹಾಕಿದವನು ಕಳ್ಳ, ಸರಿ. ತನ್ನ ಸೊತ್ತಿಗೆ ಬೇರೆಯವನ ಹೆಸರು ಹಾಕಿ ಕೈಕೊಡವಿ ಎದ್ದು ಹೋದವನಿಗೆ ಏನೆನ್ನಬೇಕು? ಕಸೂತಿಯ ಹೆಂಗಸರು ಇವನಿಗಿಂತ ಒಂದು ಹೆಜ್ಜೆ ಮುಂದೆ. ಅವರು ಯಾರ ಅಂಕಿತವನ್ನೂ ಹಾಕಲಿಲ್ಲ.

ಕಸೂತಿಗೆ ಹೊಲಿಗೆ ನಾಲ್ಕು. ಗವಂತಿ ನೇರ ಗೆರೆಯದು: ಹೋಗುವಾಗ ಒಂದು ಬಿಟ್ಟು ಒಂದು ಹೊಲಿಯುತ್ತ ಹೋಗಿ, ಬರುವಾಗ ಬಿಟ್ಟ ಜಾಗ ತುಂಬುತ್ತ ಬರುವುದು. ಮುರ್ಗಿಯೂ ಹಾಗೆಯೇ, ಆದರೆ ಮೆಟ್ಟಿಲು ಹತ್ತಿದಂತೆ ಅಂಕುಡೊಂಕು. ನೇಗಿ ಎಂದರೆ ಮಗ್ಗದ ಮೇಲೆಯೇ ನೇಯ್ದರೇನೋ ಎನ್ನಿಸುವ ಹೊಲಿಗೆ. ಮೆಂತೆ ಮಾತ್ರ ಅಡ್ಡಗೀಟು, ಕಾಳು ಚೆಲ್ಲಿದ ಹಾಗೆ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುವ ಪದ್ಧತಿ ಹಳಬರಲ್ಲಿ ಇರಲಿಲ್ಲ. ಹಾಸು ಹೊಕ್ಕಿನ ಎಳೆ ಎಣಿಸುವುದು, ಸೂಜಿ ಇಳಿಸುವುದು, ಮತ್ತೆ ಎಣಿಸುವುದು. ತೇರು, ಗೋಪುರ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ತೊಟ್ಟಿಲು, ಗಿಳಿ, ನವಿಲು ಎಲ್ಲವೂ ಈ ಎಣಿಕೆಯಿಂದ ಎದ್ದವು. ಮದುವೆಯ ಗಂಟಿನಲ್ಲಿ ಕಪ್ಪು ರೇಷ್ಮೆಯ ಚಂದ್ರಕಾಳಿ ಸೀರೆ ಇರಬೇಕು, ಅದರ ಮೇಲೆ ಕಸೂತಿ ಇರಬೇಕು ಎಂಬ ಕಾಲವೊಂದಿತ್ತು. ಕಪ್ಪು ಬಟ್ಟೆಯಲ್ಲಿ ಎಳೆ ಎಣಿಸುವುದೆಂದರೆ ಕಣ್ಣಿಗೆ ಏನು ಶಿಕ್ಷೆ ಎಂಬುದು ಕೂತು ನೋಡಿದವರಿಗೇ ಗೊತ್ತು.

ಎಳೆ ಎಣಿಸಿ ಹೊಲಿಯುವವರಿಗೆ ದಾರಿಗಳು ಹೆಚ್ಚಿಲ್ಲ. ನೆಟ್ಟಗೆ, ಅಡ್ಡಕ್ಕೆ, ಓರೆಗೆ, ಅಷ್ಟೇ. ದುಂಡು ಬೇಕೆಂದರೆ ಮೆಟ್ಟಿಲು ಮೆಟ್ಟಿಲಾಗಿಯೇ ದುಂಡಾಗಬೇಕು. ಹೀಗಿರುವಾಗ ಧಾರವಾಡದ ಎಂಟು ಮೂಲೆಯ ನಕ್ಷತ್ರ ಪ್ಯಾಲೆಸ್ತೀನಿನ ಹಳ್ಳಿಯ ಅಂಗಿಯ ಎದೆಯ ಮೇಲೂ ನಾರ್ವೆಯ ಉಣ್ಣೆಯ ಕೈಗವಸಿನ ಮೇಲೂ ಕಂಡರೆ ಬೆಚ್ಚಬೇಕಾದ್ದಿಲ್ಲ. ಹಡಗು ಹತ್ತಿ ಹೋಗದೆಯೂ ಅದು ಅಲ್ಲಿ ಹುಟ್ಟಬಲ್ಲುದು. ಚೌಕದ ಮನೆಗಳಿಗೆ ತಾವಾಗಿಯೇ ಒಗ್ಗುವ ಆಕಾರಗಳು ಕೆಲವೇ ಇವೆ. ತಾಳ್ಮೆಯಿದ್ದ ಯಾವ ಕೈಯಾದರೂ ಅವನ್ನು ಮುಟ್ಟದೆ ಬಿಡುವುದಿಲ್ಲ.

ಗವಂತಿಯ ಕಥೆಯೂ ಇದೇ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ ರಾಣಿ ಜೇನ್ ಸೆಮೋರಳ ಮುಂಗೈ ಪಟ್ಟಿಯ ಮೇಲೆ ಕಪ್ಪು ದಾರದ ಕುಸುರಿಯಿದೆ. ಹೋಗಿ ಬರುವ ಆ ಹೊಲಿಗೆಗೆ ಯುರೋಪಿನಲ್ಲಿ ಚಿತ್ರಕಾರನ ಹೆಸರೇ ಅಂಟಿ ‘ಹೋಲ್ಬೈನ್ ಹೊಲಿಗೆ’ ಎಂದಾಯಿತು. ಅವನೇನೂ ಸೂಜಿ ಹಿಡಿದವನಲ್ಲ, ಪಾಪ, ಕಂಡದ್ದನ್ನು ಬರೆದವನು. ಹೊಲಿದವಳ ಹೆಸರು ಅಲ್ಲಿಯೂ ಉಳಿಯಲಿಲ್ಲ. ಧಾರವಾಡದ ಗವಂತಿ ಅಲ್ಲಿಂದ ಬಂತು, ಇಲ್ಲಿಂದ ಅಲ್ಲಿಗೆ ಹೋಯಿತು ಎಂದು ಎರಡೂ ಬಗೆಯ ಉತ್ಸಾಹಿಗಳು ವಾದಿಸುವುದುಂಟು. ಹೋಲಿಕೆಯೊಂದನ್ನೇ ಸಾಕ್ಷಿ ಮಾಡಿಕೊಂಡು ಇಂಥ ತೀರ್ಪು ಕೊಡುವುದು ದುಡುಕು.

ಹಾಗಾದರೆ ಹೊಲಿದವಳ ಸ್ವಂತದ್ದು ಎಲ್ಲಿದೆ? ಸೂಜಿ ನಡೆದ ದಾರಿಯಲ್ಲಿದೆ. ಗವಂತಿಯಲ್ಲಿ ಒಂದು ತುಳಸಿಕಟ್ಟೆ ತೆಗೆಯಬೇಕು ಎಂದುಕೊಳ್ಳೋಣ. ಗಂಟು ಹಾಕುವಂತಿಲ್ಲ, ದಾರ ಅಡ್ಡ ಹಾರಿಸುವಂತಿಲ್ಲ, ಕೊನೆಗೆ ಹೊರಟ ಜಾಗಕ್ಕೇ ಮರಳಬೇಕು, ಪ್ರತಿಯೊಂದು ಗೀಟೂ ಮುಂದೊಮ್ಮೆ ಹಿಂದೊಮ್ಮೆ ಬೀಳಬೇಕು. 1736ರಲ್ಲಿ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಲಾಗದು ಎಂದು ತೋರಿಸಿದ. ಪ್ರತಿ ಸೇತುವೆಯನ್ನೂ ಎರಡೆರಡು ಸಲ ದಾಟಬಹುದು ಎಂದಿದ್ದರೆ ತೊಡಕೇ ಇರುತ್ತಿರಲಿಲ್ಲ. ಗವಂತಿ ಮಾಡುವುದು ಅದನ್ನೇ. ಒಂದಕ್ಕೊಂದು ತಾಗಿಕೊಂಡ ಗೀಟುಗಳ ಯಾವ ಚಿತ್ತಾರವನ್ನಾದರೂ ಹೀಗೆ ಹೋಗಿ ಬಂದು ಮುಗಿಸಬಹುದು. ಆದರೆ ದಾರಿ ಒಂದೇ ಅಲ್ಲ, ಹತ್ತಾರು. ಕವಲು ಬಂದಲ್ಲಿ ಎಡಕ್ಕೆ ತಿರುಗಿ ಎಲೆ ಮುಗಿಸಿ ಬರಬೇಕೋ, ನೇರ ಹೋಗಿ ಬರುವಾಗ ಎಲೆ ತುಂಬಬೇಕೋ, ದಾರ ತೀರುವ ಹೊತ್ತಿಗೆ ಎಲ್ಲಿರಬೇಕು ಎಂಬುದೆಲ್ಲ ಆಕೆಯ ತಲೆಯೊಳಗೆ. ಆಯ್ಲರನ ಹೆಸರು ಕೇಳದ ಹೆಂಗಸರು ಈ ಲೆಕ್ಕವನ್ನು ಒಲೆಯ ಮೇಲೆ ಹಾಲಿಟ್ಟು ಬಿಡಿಸುತ್ತಿದ್ದರು.

ಈ ದಾರಿಯ ವಿಚಿತ್ರವೆಂದರೆ ಕೆಲಸ ಮುಗಿದ ಮೇಲೆ ಅದು ಕಾಣುವುದಿಲ್ಲ. ಎರಡೂ ಬದಿ ಒಂದೇ ಆದಮೇಲೆ ಎಲ್ಲಿ ಹೊರಟಳು, ಎಲ್ಲಿ ತಿರುಗಿದಳು ಎಂಬ ಗುರುತು ಅಳಿಸಿಹೋಗುತ್ತದೆ. ಫೋಟೊ ತೆಗೆದುಕೊಂಡು ಹೋದವನಿಗೆ ತುಳಸಿಕಟ್ಟೆ ಸಿಕ್ಕೀತು, ದಾರಿ ಸಿಗದು. ನಕಲು ಮಾಡುವವಳು ದಾರಿಯನ್ನು ತಾನೇ ಹುಡುಕಿಕೊಳ್ಳಬೇಕು. ಹುಡುಕಿಕೊಂಡಳೆಂದರೆ ಅಷ್ಟರಮಟ್ಟಿಗೆ ಅದು ನಕಲಲ್ಲ. ಸೆರಗು ಮಗುಚಿದ ಹಿರಿಯಳು ಪರೀಕ್ಷೆ ಮಾಡುತ್ತಿದ್ದದ್ದು ಇದನ್ನು.

ನಮೂನಿ ಗುಡಿಯಿಂದ ಬಂತು ಎಂಬ ಮಾತನ್ನು ಕಸೂತಿಯ ಬಗ್ಗೆ ಬರೆದವರೆಲ್ಲ ಒಂದಲ್ಲ ಒಂದು ಕಡೆ ಹೇಳಿದ್ದಾರೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಸಭಾಮಂಟಪದಲ್ಲಿ ನಿಂತು ಕತ್ತೆತ್ತಿದರೆ ಮಾತು ನಿಜ ಅನ್ನಿಸುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಆ ಎಂಟು ಮೂಲೆಯ ಭುವನೇಶ್ವರಿ ಚಾವಣಿಯಿಂದ ಕಲ್ಲಿನ ಕಮಲವೊಂದು ಕೆಳಮುಖವಾಗಿ ಇಳಿಬಿದ್ದಿದೆ. ಸುತ್ತುಸುತ್ತಿನ ಬಳಸು, ಒಂದರೊಳಗೊಂದು ಹೆಣೆದ ಹಾಗೆ. ನಮ್ಮ ಗುಡಿಗಳ ಜಾಲಂಧ್ರಗಳನ್ನು, ಅಂದರೆ ತೂತು ಕೊರೆದ ಕಲ್ಲಿನ ಕಿಟಕಿಗಳನ್ನು, ಕಂಡು ಕಲ್ಲಿನ ಲೇಸು ಎಂದವರಿದ್ದಾರೆ. ಆದರೂ ಇಲ್ಲೊಂದು ಅನುಮಾನ ಉಳಿಯಬೇಕು. ಹಾನಗಲ್ಲಿನ ಕಮಲ ದುಂಡು, ಕಸೂತಿಯ ಕಮಲ ಮೆಟ್ಟಿಲು ಮೆಟ್ಟಿಲು. ಗುಡಿಯ ಗೋಪುರ ಬಟ್ಟೆಗೆ ಸಲೀಸಾಗಿ ಇಳಿಯಿತು, ಯಾಕೆಂದರೆ ಅದು ಮೊದಲೇ ಮೆಟ್ಟಿಲಿನ ಆಕಾರದ್ದು. ಕಮಲವನ್ನು ಇಳಿಸಲು ಅದರ ಮೈ ಮುರಿದು ಬೇರೆ ಮಾಡಬೇಕಾಯಿತು. ಆ ಮುರಿಯುವ ಕೆಲಸವನ್ನು ಸ್ಫೂರ್ತಿ ಎಂಬ ಒಂದು ಪದದಲ್ಲಿ ಮುಗಿಸಿಬಿಡುವುದು ಮಾಡಿದವಳಿಗೆ ಅನ್ಯಾಯ.

ಗುಡಿ ಕಟ್ಟಿದವರೂ ಎರವಲು ತಂದವರೇ. ಹಾವೇರಿಯ ಸಿದ್ಧೇಶ್ವರ ಗುಡಿಯ ಹೊರಗೋಡೆಯ ಮೇಲೆ ಪುಟ್ಟ ಪುಟ್ಟ ಶಿಖರಗಳ ಸಾಲಿದೆ. ಅವೆಲ್ಲ ಒಂದೇ ಜಾತಿಯವಲ್ಲ; ಉತ್ತರದ ನಾಗರ, ಮಾಳವದ ಕಡೆಯ ಭೂಮಿಜ ಬಗೆಯ ಶಿಖರಗಳನ್ನು ನಮ್ಮ ರೂವಾರಿಗಳು ಗೇಣುದ್ದಕ್ಕೆ ಇಳಿಸಿ ಗೋಡೆಗೆ ಅಂಟಿಸಿದ್ದಾರೆ. ಬೇರೆ ಸೀಮೆಯಲ್ಲಿ ಆಕಾಶಕ್ಕೆ ಏರಿದ್ದು ಇಲ್ಲಿ ಆಭರಣವಾಯಿತು. ಇದನ್ನು ಯಾರೂ ಕಳ್ಳತನ ಎಂದದ್ದಿಲ್ಲ.

ನವಿಲಿನ ವಿಷಯ ಇನ್ನೂ ಮೋಜಿನದು. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಕೋಟೆಯೊಳಗೆ ನವಿಲುಗಳ ರಕ್ಷಿತ ತಾಣವೇ ಇದೆ. ಬೆಳಗಾದರೆ ಕೇಕೆ, ಮಳೆ ಮೋಡ ಕಟ್ಟಿದರೆ ಕುಣಿತ. ಹಾಗಿದ್ದೂ ಕಸೂತಿಯ ನವಿಲು ಬಂಕಾಪುರದ ನವಿಲಿನಂತಿಲ್ಲ, ಕಸೂತಿಯ ನವಿಲಿನಂತಿದೆ. ಅದರ ಕುತ್ತಿಗೆ ಚೌಕ, ಬಾಲ ಏಣಿ. ಅಂಗಳದಲ್ಲಿ ಹಕ್ಕಿ ಓಡಾಡುತ್ತಿದ್ದರೂ ಸೂಜಿ ಹಿಡಿದವಳು ನೋಡುವುದು ಅತ್ತೆಯ ಸೀರೆಯ ನವಿಲನ್ನು. ಪ್ರಕೃತಿಯಿಂದ ಸ್ಫೂರ್ತಿ ಪಡೆಯಿರಿ ಎಂದು ವಿನ್ಯಾಸದ ತರಗತಿಗಳಲ್ಲಿ ಹೇಳಿಕೊಡುತ್ತಾರೆ. ನಮೂನಿಗಳ ಲೋಕದಲ್ಲಿ ಮಾತ್ರ ನಮೂನಿಗೆ ನಮೂನಿಯೇ ತಾಯಿ.

ಎರವಲಿನ ಬಗ್ಗೆ ಎರಡು ಬೇರೆ ಬೇರೆ ಕಟ್ಟಳೆಗಳು ನಮ್ಮ ಸೀಮೆಯಲ್ಲೇ, ಹತ್ತಿರ ಹತ್ತಿರದಲ್ಲೇ ಬಾಳಿದವು. ನವಲಗುಂದದ ಜಮಖಾನೆ ನೇಯುವವರು ಹೆಂಗಸರು. ವಿಜಯಪುರದ ಕಡೆಯಿಂದ ಬಂದು ನೆಲೆಸಿದ ಮುಸ್ಲಿಂ ಮನೆತನಗಳಿಗೆ ಸೇರಿದವರು. ಆ ನಮೂನಿಯ ಗುಟ್ಟನ್ನು ಮಗಳಿಗೆ ಕಲಿಸುತ್ತಿರಲಿಲ್ಲ, ಸೊಸೆಗೆ ಕಲಿಸುತ್ತಿದ್ದರು. ಮಗಳು ನಾಳೆ ಇನ್ನೊಬ್ಬರ ಮನೆಗೆ ಹೋಗುವವಳು, ಅವಳ ಜೊತೆ ಗುಟ್ಟೂ ಹೋದೀತು ಎಂಬ ಎಚ್ಚರ. ಕಸೂತಿ ಇದಕ್ಕೆ ತದ್ವಿರುದ್ಧ. ಅದು ಮಗಳ ಪೆಟ್ಟಿಗೆಯಲ್ಲೇ ಊರು ದಾಟಿತು. ಹಾನಗಲ್ಲಿನ ಹುಡುಗಿ ಸವಣೂರಿಗೆ ಸೊಸೆಯಾಗಿ ಹೋದರೆ ತವರಿನ ಗೋಪುರವೂ ಹೋಯಿತು. ಅಲ್ಲಿ ನಾದಿನಿ ಅದರ ಬುಡಕ್ಕೆ ತೇರಿನ ಗಾಲಿ ಕೂಡಿಸಿದರೆ ಮುಂದಿನ ಬಾಣಂತನಕ್ಕೆ ಗಾಲಿಯ ಸಮೇತ ತವರಿಗೆ ಮರಳಿತು. ಯಾರೂ ಯಾರನ್ನೂ ಕೇಳಲಿಲ್ಲ. ‘ನಿಮ್ಮ ನಮೂನಿ ಒಂಚೂರು ಕೊಡ್ರಿ’ ಎನ್ನುವುದು ಹೆಪ್ಪು ಕೇಳಿದಷ್ಟೇ ಸಲೀಸು. ಹೆಪ್ಪು ಕೊಟ್ಟವಳ ಮನೆಯ ಮೊಸರೇನೂ ಕಡಿಮೆಯಾಗುವುದಿಲ್ಲ ನೋಡಿ.

ಯಾವ ಕಟ್ಟಳೆ ಒಳ್ಳೆಯದು? ಕಾವಲಿದ್ದ ಜಮಖಾನೆ ತನ್ನ ಮುಖ ಕೆಡದಂತೆ ಉಳಿಸಿಕೊಂಡಿತು, ಆದರೆ ನೇಯುವ ಕೈಗಳು ಬೆರಳೆಣಿಕೆಗೆ ಇಳಿದವು. ಬಾಗಿಲು ತೆರೆದಿಟ್ಟ ಕಸೂತಿ ಮೊಬೈಲಿನ ಚೀಲದಿಂದ ಹಿಡಿದು ಗೋಡೆಯ ಗಡಿಯಾರದವರೆಗೆ ಎಲ್ಲೆಲ್ಲೋ ಹಬ್ಬಿತು, ಅದರ ಜೊತೆಗೆ ಹದವೂ ತೆಳುವಾಯಿತು. ಎರಡರಲ್ಲೂ ಒಂದಷ್ಟು ಲಾಭ, ಒಂದಷ್ಟು ಲುಕ್ಸಾನು.

ಲೇಸಿನ ಊರಾದ ಯುರೋಪಿನಲ್ಲಿ ಈ ವ್ಯವಹಾರ ಅಚ್ಚಿನ ಮನೆಯ ಮೂಲಕ ನಡೆಯಿತು. ಫೆಡೆರಿಕೊ ವಿಂಚಿಯೊಲೊ ಎಂಬಾತ 1587ರಲ್ಲಿ ಪ್ಯಾರಿಸಿನಲ್ಲಿ ಲೇಸಿನ ನಮೂನಿಗಳ ಪುಸ್ತಕ ಅಚ್ಚು ಹಾಕಿಸಿದ. ವೆನಿಸ್ಸಿನ ಚೆಸಾರೆ ವೆಚೆಲ್ಲಿಯೊ 1591ರಲ್ಲಿ ಇನ್ನೊಂದು ತಂದ. ಚೌಕುಳಿಯ ಕಾಗದದ ಮೇಲೆ ತುಂಬಿದ ಮನೆ, ಖಾಲಿ ಮನೆ. ಅದನ್ನು ನೋಡಿ ಲೇಸೂ ಹೆಣೆಯಬಹುದು, ಅಡ್ಡಗೀಟಿನ ಕಸೂತಿಯೂ ಹಾಕಬಹುದು. ಕೊಂಡವರು ಪುಟದ ಮೇಲೆ ಸೂಜಿಯಿಂದ ತೂತು ಚುಚ್ಚಿ ಚುಚ್ಚಿ ನಮೂನಿ ಇಳಿಸಿಕೊಳ್ಳುತ್ತಿದ್ದರು, ಹೀಗಾಗಿ ಅಂಥ ಪುಸ್ತಕಗಳ ಎಷ್ಟೋ ಪ್ರತಿಗಳು ಬಳಸಿ ಬಳಸಿಯೇ ಹರಿದುಹೋದವು. ಓದಿ ಸವೆದ ಪುಸ್ತಕ ಎನ್ನುತ್ತೇವೆ, ಇವು ಚುಚ್ಚಿ ಸವೆದವು. ಮುದ್ರಕರೋ ಒಬ್ಬರ ಹಾಳೆಯನ್ನು ಇನ್ನೊಬ್ಬರು ಎಗ್ಗಿಲ್ಲದೆ ಎತ್ತಿಕೊಂಡರು. ನಮೂನಿಯ ಕಳ್ಳತನ ಇಂಟರ್ನೆಟ್ಟಿನಿಂದ ಶುರುವಾಯಿತು ಎಂದು ಕೊರಗುವವರಿಗೆ ಇದು ನೆನಪಿರಲಿ.

ಅಚ್ಚಿನವರು ಎತ್ತಿಕೊಂಡದ್ದು ಹಾಳೆ. ರಾಜ್ಯವೊಂದು ಕೈಗಳನ್ನೇ ಎತ್ತಿಕೊಂಡದ್ದೂ ಉಂಟು. ಹದಿನಾಲ್ಕನೆಯ ಲೂಯಿಯ ಮಂತ್ರಿ ಕೊಲ್ಬೇರ್ 1665ರಲ್ಲಿ ಲೇಸಿನ ರಾಜ ಕಾರ್ಖಾನೆಗಳನ್ನು ತೆರೆಸಿ, ವೆನಿಸ್ಸಿನ ಕೆಲಸಗಾರ್ತಿಯರನ್ನೇ ಕರೆಸಿಕೊಂಡ. ಮೊದಮೊದಲು ಅಲ್ಲಿ ಹುಟ್ಟಿದ್ದು ವೆನಿಸ್ಸಿನ ನಕಲು. ಕೆಲವು ದಶಕ ಕಳೆಯುವಷ್ಟರಲ್ಲಿ ಆಲಾನ್ಸೋನ್ ಊರಿನ ಲೇಸಿಗೆ ತನ್ನದೇ ಚಹರೆ ಬಂದಿತ್ತು. ಐರ್ಲೆಂಡಿನಲ್ಲಿ 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಹೊಟ್ಟೆಪಾಡಿಗೆಂದು ಹೆಂಗಸರು ಕ್ರೋಶಾ ಸೂಜಿ ಹಿಡಿದರು. ಅವರ ಮುಂದಿದ್ದ ಮಾದರಿಯೂ ವೆನಿಸ್ಸಿನ ಸೂಜಿ ಲೇಸೇ. ಸಣ್ಣ ಸೂಜಿಯ ಕೆಲಸವನ್ನು ಕೊಕ್ಕೆಯ ಸೂಜಿಯಲ್ಲಿ ಮಾಡಹೊರಟದ್ದರಿಂದ ದಳ ದಪ್ಪವಾಯಿತು, ಹೂ ಉಬ್ಬಿತು, ನಕಲು ಕೆಟ್ಟಿತು. ಕೆಟ್ಟ ಆ ನಕಲನ್ನು ಇಂದು ಐರಿಷ್ ಕ್ರೋಶಾ ಎಂದು ಹೆಸರು ಹೇಳಿ ಕೊಳ್ಳುತ್ತಾರೆ. ಸಲಕರಣೆ ಬದಲಾದರೆ ನಕಲು ಬಹಳ ದಿನ ನಕಲಾಗಿ ಉಳಿಯಲಾರದು.

ಭಾರತಕ್ಕೆ ಲೇಸು ತಂದವರು ಹೆಚ್ಚಾಗಿ ಮಿಷನರಿಗಳ ಮಡದಿಯರು. ಹತ್ತೊಂಬತ್ತನೆಯ ಶತಮಾನದಲ್ಲಿ ನಾಗರಕೋಯಿಲಿನಲ್ಲಿ, ಆಂಧ್ರದ ನರಸಾಪುರದಲ್ಲಿ ಅದು ಬೇರೂರಿತು. ನರಸಾಪುರದ ಕ್ರೋಶಾ ಲೇಸಿಗೆ ಈಗ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆ ಇದೆ. ಅಲ್ಲಿನ ಹೆಂಗಸರ ಬಗ್ಗೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ಪುಸ್ತಕ ಒಂದು ಕಹಿ ಸಂಗತಿಯನ್ನು ಎತ್ತಿ ತೋರಿಸಿತು. ದಿನಕ್ಕೆ ಆರೆಂಟು ತಾಸು ಹೆಣೆದು ವಿದೇಶಕ್ಕೆ ಹೋಗುವ ಮಾಲು ತಯಾರಿಸಿದರೂ ಆ ಹೆಂಗಸರು ಲೆಕ್ಕಕ್ಕೆ ಬರೇ ಗೃಹಿಣಿಯರು. ಬಿಡುವಿನ ವೇಳೆಯ ಹವ್ಯಾಸ ಎಂಬ ಹಣೆಪಟ್ಟಿ, ಅದಕ್ಕೆ ತಕ್ಕ ಕೂಲಿ. ಕೆಲಸಗಾರ್ತಿ ಎಂದೇ ಒಪ್ಪದವಳನ್ನು ವಿನ್ಯಾಸಗಾರ್ತಿ ಎಂದು ಯಾರು ಒಪ್ಪುತ್ತಾರೆ?

ನಮ್ಮ ಕಡೆ ಕ್ರೋಶಾ ಅಷ್ಟು ದೊಡ್ಡ ವ್ಯಾಪಾರವಾಗಲಿಲ್ಲ; ಬಾಗಿಲ ತೋರಣ, ರೇಡಿಯೊ ಮೇಲಿನ ಹೊದಿಕೆ, ಆಮೇಲೆ ಟಿ.ವಿ. ಮೇಲಿನ ಹೊದಿಕೆ ಎಂದು ಮನೆಯೊಳಗೇ ಉಳಿಯಿತು. ಚೌಕದ ಮನೆಗಳ ಕ್ರೋಶಾಕ್ಕೆ ಕಸೂತಿಯ ಗಿಳಿ ಅಚ್ಚುಕಟ್ಟಾಗಿ ಕೂತುಬಿಡುತ್ತದೆ. ವಿದೇಶದ ಕಲೆ, ಸ್ವದೇಶದ ಹಕ್ಕಿ. ಸವಣೂರಿನ ಜನ ಇದಕ್ಕಿಂತ ದೊಡ್ಡ ಎರವಲನ್ನೇ ಅರಗಿಸಿಕೊಂಡಿದ್ದಾರೆ. ಅಲ್ಲಿನ ಮಠದ ಆವರಣದ ದೈತ್ಯ ಮರಗಳು ಆಫ್ರಿಕದ ಬಾವೋಬಾಬ್ ಜಾತಿಯವು. ಅವು ಬಂದ ದಾರಿಯ ಬಗ್ಗೆ ಕಥೆಗಳಿವೆ. ಊರವರು ಮಾತ್ರ ಹುಳಿಗಾಯಿ ಕಂಡು ದೊಡ್ಡಹುಣಸೆ ಎಂದು ಹೆಸರಿಟ್ಟು, ಮಠಕ್ಕೂ ಅದೇ ಹೆಸರು ಕೊಟ್ಟು, ಮರವನ್ನು ಕನ್ನಡದ್ದೇ ಮಾಡಿಕೊಂಡರು.

ಆಫ್ರಿಕದ ಮಾತು ಬಂದಾಗ ಹಾನಗಲ್ಲಿನ ಪಕ್ಕದ ಮುಂಡಗೋಡವನ್ನು ಬಿಡುವಂತಿಲ್ಲ. ಅಲ್ಲಿನ ಮತ್ತು ಯಲ್ಲಾಪುರ, ಹಳಿಯಾಳಗಳ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡು ಕೂಡಿಸಿ ಕವಂದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ ಸುತ್ತುತ್ತ ಹೋಗುವ ಹೊಲಿಗೆ ಅದು. ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನದ ‘ಫೂಲ’ ಇಡದಿದ್ದರೆ ಕವಂದಿ ಮುಗಿದಂತಲ್ಲ. ಬಯಲುಸೀಮೆಯ ಕೌದಿಯೂ ಹಳೆ ಬಟ್ಟೆಯದೇ. ಒಬ್ಬರದನ್ನು ಒಬ್ಬರು ನೋಡಿ ಕಲಿತಿರಲಿ ಬಿಡಲಿ, ಎರಡು ಕೌದಿ ತದ್ರೂಪಾಗುವುದು ಸಾಧ್ಯವೇ ಇಲ್ಲ. ಮನೆಯಲ್ಲಿ ಯಾರ ಧೋತರ ಹರಿಯಿತು, ಯಾವ ಮಗುವಿನ ಅಂಗಿ ಗಿಡ್ಡವಾಯಿತು ಎಂಬುದೇ ನಮೂನಿಯನ್ನು ತೀರ್ಮಾನಿಸುತ್ತದೆ. ಸ್ವಂತಿಕೆಯ ಚರ್ಚೆಯನ್ನೇ ಹೊದ್ದು ಮಲಗಿಸುವ ಕಲೆ.

ಕಾನೂನು ಏನನ್ನುತ್ತದೆ? 2007ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ.ಬಿ. ಮೋಡಕ್ ನಡುವಿನ ಮೊಕದ್ದಮೆಯಲ್ಲಿ, ಬರೀ ದುಡಿಮೆ ಸಾಲದು, ಅಲ್ಪಸ್ವಲ್ಪವಾದರೂ ಸೃಜನಶೀಲತೆ ಇದ್ದರೆ ಮಾತ್ರ ಕೃತಿಸ್ವಾಮ್ಯ ಎಂದಿತು. ಜಗಳ ಕಾನೂನು ವರದಿಗಳದ್ದು, ಸೀರೆಯದಲ್ಲ. ಆದರೆ ಎಳೆ ಎಣಿಸುವವಳಿಗೆ ಹಚ್ಚಿ ನೋಡಿದರೆ ಪೇಚಾಟ ಶುರು. ಆಕೆಯ ದುಡಿಮೆ ಎಲ್ಲಿ ಮುಗಿದು ಸೃಜನಶೀಲತೆ ಎಲ್ಲಿ ಶುರುವಾಯಿತು? ಕವಲಿನಲ್ಲಿ ಎಡಕ್ಕೆ ತಿರುಗಿದ್ದು ಯಾವುದು? 1957ರ ಕೃತಿಸ್ವಾಮ್ಯ ಕಾಯ್ದೆಯ 15ನೆಯ ಕಲಮಿನ ಪ್ರಕಾರ, ವಿನ್ಯಾಸವೆಂದು ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ ಬಿಟ್ಟದ್ದನ್ನು ಕೈಗಾರಿಕೆಯ ಕ್ರಮದಲ್ಲಿ ಐವತ್ತಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಕೃತಿಸ್ವಾಮ್ಯ ಹೋಗುತ್ತದೆ. ಮೈತುಂಬ ಕಸೂತಿಯ ಒಂದು ಸೀರೆಗೆ ತಿಂಗಳುಗಟ್ಟಲೆ ಬೇಕು. ಒಂದೇ ನಮೂನಿಯ ಐವತ್ತು ಸೀರೆ ಎಂದರೆ ಆಕೆಯ ಆಯುಷ್ಯದ ಲೆಕ್ಕ. ಯಂತ್ರಕ್ಕೆ ಒಂದು ಮಧ್ಯಾಹ್ನದ್ದು. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ ಹತ್ತು ವರ್ಷ, ಮೇಲೆ ಇನ್ನೈದು ವರ್ಷದ ರಕ್ಷಣೆ ಸಿಗುತ್ತದೆ, ಆದರೆ ವಿನ್ಯಾಸ ಹೊಸದಾಗಿರಬೇಕು. ಅಜ್ಜಿಯ ಗೋಪುರ ಹೊಸದಲ್ಲ.

ಉಳಿದದ್ದು ಜಿಐ. ಕಸೂತಿಯ ಜಿಐ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ. ಅದು ಕಸೂತಿ ಎಂಬ ಹೆಸರನ್ನು ಕಾಯುತ್ತದೆ. ಇಂಥ ನವಿಲಿನ ಕೊಕ್ಕನ್ನು ಹೀಗೆ ತಿರುಗಿಸಿದವಳು ಇಂಥವಳು ಎಂದು ಹೇಳುವುದು ಅದರ ಕೆಲಸವಲ್ಲ. ಲಂಬಾಣಿ ಕಸೂತಿಗೆ ಸಿಕ್ಕ ಜಿಐಯ ಮುಂದೆ ಸಂಡೂರು ಎಂಬ ಊರಿನ ಹೆಸರಿದೆ. ಶಿಗ್ಗಾಂವಿ, ಹಾನಗಲ್ಲು, ಸವಣೂರು, ಹಿರೇಕೆರೂರು ನಾಲ್ಕೂ ಕಡೆ ತಾಂಡಾಗಳಿವೆ. ಅಲ್ಲಿನ ಮುದುಕಿಯ ಪೆಟ್ಟಿಗೆಯ ಕನ್ನಡಿ ಕವಡೆಯ ಕಾಂಚಳಿ ಕುಪ್ಪಸಕ್ಕೂ ಸಂಡೂರಿನ ಕಾಂಚಳಿಗೂ ರಕ್ತಸಂಬಂಧ. ನಡೆಯುತ್ತಲೇ ಬದುಕಿದ ಜನಾಂಗದ ಕಲೆಗೆ ಒಂದು ಊರಿನ ಗಡಿ ಹಾಕುವುದರಲ್ಲಿ ಏನೋ ಒಂದು ಬಿಗಿತವಿದೆ. ಮಾರುಕಟ್ಟೆಗೆ ಅದು ಬೇಕು ಎಂಬುದೂ ನಿಜ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20ರ ಸಂಸ್ಕೃತಿ ಸಭೆ ನಡೆದಾಗ ಸಂಡೂರಿನ ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ಲಂಬಾಣಿ ಕಸೂತಿಯ ಮಾಲುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆಯ ತಲೆಬರಹಕ್ಕೆ ಬಿದ್ದದ್ದು ಸಂಖ್ಯೆ.

ಈ ಸೀಮೆಯ ಹೆಂಗಸರಿಗೆ ಹೆಚ್ಚು ಪೆಟ್ಟು ಕೊಡುತ್ತಿರುವುದು ಪಕ್ಕದ ಮನೆಯವಳ ನಕಲಲ್ಲ. ಕಂಪ್ಯೂಟರ್ ಹೊಲಿಗೆಯ ಸೀರೆ, ಅದಕ್ಕಿಂತ ಅಗ್ಗದ ಅಚ್ಚಿನ ಸೀರೆ ‘ಕಸೂತಿ’ ಎಂಬ ಹೆಸರಿನಲ್ಲೇ ಸಂತೆಗೆ ಬರುತ್ತವೆ. ನಮೂನಿಯಲ್ಲಿ ಅವು ಪಕ್ಕಾ ಸಾಂಪ್ರದಾಯಿಕ. ಎಷ್ಟೋ ಸಲ ಕೈಯವಳಿಗಿಂತ ಹೆಚ್ಚು ನಿಷ್ಠೆ. ಬೆನ್ನು ನೋಡಿದರೆ ಒಂದರಲ್ಲಿ ಕೆಳಗಿನ ಬಾಬಿನ್ನಿನ ಬಿಳಿ ದಾರದ ಗೋಜಲು, ಇನ್ನೊಂದರಲ್ಲಿ ಬೆನ್ನೇ ಇಲ್ಲ. ಮುಂಬದಿಯ ಚಿತ್ರವನ್ನಷ್ಟೇ ಕಾಯುವ ಕಾನೂನು ಈ ಮೂರು ಸೀರೆಗಳ ನಡುವಿನ ವ್ಯತ್ಯಾಸವನ್ನು ಹೇಳಲಾರದು. ನಾಲ್ಕಾಣೆಯ ಮಾಲಿಗೆ ಹದಿನಾರಾಣೆಯ ಹೆಸರು ಅಂಟಿಸುವುದೇ ಇಲ್ಲಿನ ನಿಜವಾದ ಕಳವು. ಅದಕ್ಕೆ ಹೋಲಿಸಿದರೆ ಒಬ್ಬಳ ನವಿಲನ್ನು ಇನ್ನೊಬ್ಬಳು ನೋಡಿ ಹಾಕಿದ್ದು ಯಾವ ಲೆಕ್ಕಕ್ಕೂ ಇಲ್ಲ.

ನೋಡಿ ಹಾಕುವುದಾದರೂ ಹೇಗೆ? ಹಿರೇಕೆರೂರಿನ ಹುಡುಗಿಯೊಬ್ಬಳು ಫೋನಿನಲ್ಲಿ ಕಂಡ ನವಿಲನ್ನು ಇಳಕಲ್ ಸೀರೆಯ ಮೇಲೆ ಇಳಿಸಹೊರಟಳು ಎನ್ನೋಣ. ಚಿತ್ರದ ನವಿಲು ಹಾಕಿದ್ದು ಮ್ಯಾಟಿ ಬಟ್ಟೆಯ ಮೇಲೆ, ಅಲ್ಲಿ ಉದ್ದಕ್ಕೂ ಅಡ್ಡಕ್ಕೂ ಎಳೆಯ ದಟ್ಟಣೆ ಒಂದೇ. ಇವಳ ಸೀರೆಯಲ್ಲಿ ಹಾಸು ಒಂದು ಲೆಕ್ಕ, ಹೊಕ್ಕು ಇನ್ನೊಂದು ಲೆಕ್ಕ. ಎಣಿಕೆ ತಪ್ಪದೆ ಹಾಕಿದರೂ ಹಕ್ಕಿ ಕೊಕ್ಕರೆಯ ಹಾಗೆ ಉದ್ದವಾಗಿಬಿಟ್ಟಿತು. ಬಿಚ್ಚಿದಳು. ಕುತ್ತಿಗೆಯಲ್ಲಿ ಎರಡು ಮನೆ ಕಡಿಮೆ ಮಾಡಿದಳು. ಈಗ ತಲೆ ಮೈಗೆ ಅಂಟಿತು. ಬಾಲದ ಒಂದು ಮೆಟ್ಟಿಲು ತೆಗೆದು, ಕಾಲಿನ ಕೆಳಗೆ ಖಾಲಿ ಉಳಿದ ಜಾಗಕ್ಕೆ ಅಮ್ಮನ ಕುಪ್ಪಸದಲ್ಲಿದ್ದ ಸಣ್ಣ ಗೋಪುರ ತಂದು ಇಟ್ಟಳು. ಗೋಪುರದ ಬುಡದಿಂದ ನವಿಲಿನ ಕಾಲಿಗೆ ದಾರ ಹಾರಿಸದೆ ಹತ್ತುವುದು ಹೇಗೆಂದು ತಿಳಿಯದೆ ಸೂಜಿ ಚುಚ್ಚಿಟ್ಟು ಊಟಕ್ಕೆ ಎದ್ದಳು.